ತಿಪ್ಪೇಶಪ್ಪ ಬರೆದುಕೊಟ್ಟ ಮುಚ್ಚಳಿಕೆ

ಆ ಕಾಲದಲ್ಲಿ ಜಗಳೂರಿನ ನೀರಿಗೆ ಬೇಳೆ ಬೇಯುತ್ತಿರಲಿಲ್ಲ. ಬೆಳಿಗ್ಗೆ ಒಲೆಯ ಮೇಲಿಟ್ಟು ಒಂದು ಹೊರೆ ಸೌದೆ ಉರಿಸಿದರೂ ಮಧ್ಯಾಹ್ನದ ಹೊತ್ತಿಗೆ ಬೇಳೆ ಬೇಳೆಯಾಗಿಯೇ ತಳದಲ್ಲಿ ಕೂತಿರುತ್ತಿತ್ತು. ಅಂಥ ಸವಳು ನೀರು. ಹೊಸದಾಗಿ ಬಂದ ಅಮಲ್ದಾರರು ಮೊದಲ ವಾರ ಅಡುಗೆಯವನನ್ನು ಬೈಯುತ್ತಿದ್ದರು, ಎರಡನೆಯ ವಾರ ಬಾವಿಯನ್ನು ಬೈಯುತ್ತಿದ್ದರು, ಮೂರನೆಯ ವಾರ ವರ್ಗಕ್ಕೆ ಅರ್ಜಿ ಹಾಕುತ್ತಿದ್ದರು. ಇಂಥ ಊರಿನಲ್ಲಿ ಯುದ್ಧದ ಕಾಲದ ಒಂದು ಬೆಳಿಗ್ಗೆ ತಿಪ್ಪೇಶಪ್ಪನ ಮನೆಯ ಬೇಳೆ ಬೆಣ್ಣೆಯಂತೆ ಬೆಂದದ್ದೇ ಅವನಿಗೆ ಮುಳುವಾಯಿತು.

ತಿಪ್ಪೇಶಪ್ಪ ತಾಲ್ಲೂಕು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆಯುವವನು. ಆ ಮರ ಈಗಿಲ್ಲ, ಅಂಥ ಬರವಣಿಗೆಯೂ ಈಗಿಲ್ಲ. ಎಮ್ಮೆ ಕಳೆದಿದೆ ಎಂದು ಒಬ್ಬ ಬಂದು ಹೇಳಿದರೆ ಆ ಎಮ್ಮೆಯ ತಾಯಿ, ಅಜ್ಜಿ, ಅವು ಮೇಯುತ್ತಿದ್ದ ಹೊಲದ ನಾಲ್ಕು ಚಕ್ಕುಬಂದಿ ಎಲ್ಲವೂ ಅರ್ಜಿಯಲ್ಲಿ ಬರುತ್ತಿದ್ದವು. ಕಡಿಮೆ ಬರೆದರೆ ಬರೆಸಿದವನಿಗೆ ಮೋಸ ಮಾಡಿದಂತೆ ಎಂದು ಅವನು ನಿಜವಾಗಿಯೂ ನಂಬಿದ್ದ.

ಆ ದಿನ ಅವನ ಮಗಳು ಸಾವಂತ್ರಿಯನ್ನು ನೋಡಲು ಹೊನ್ನಾಳಿಯಿಂದ ಬರುವವರಿದ್ದರು. ಹುಡುಗ ಶಾಲೆಯ ಮೇಷ್ಟ್ರು ಎಂದಷ್ಟೇ ಕಾಗದದಲ್ಲಿತ್ತು. ಅದಕ್ಕೆ ಮುಂಚೆ ಎರಡು ಕಡೆಯವರು ಬಂದು, ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದವರು ಇನ್ನೂ ತಿಳಿಸುತ್ತಲೇ ಇದ್ದರು. ಇದೂ ತಪ್ಪಿದರೆ ಮುಂದೇನು ಎಂಬ ಚಿಂತೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ನಿದ್ದೆ ಹತ್ತಿರಲಿಲ್ಲ. ಹೆಂಡತಿ ರುದ್ರಾಣಿ ಬೆಳಗಾಗುತ್ತಲೇ ಹೋಳಿಗೆಗೆ ಕೂತಳು. ಬೆಲ್ಲದ ಘಮಲು ಪಕ್ಕದ ಮನೆಗೆ ಹೋದ ಮೇಲೆ ಹೋಳಿಗೆ ಹೋಗದಿದ್ದರೆ ಹೇಗೆ? ಹನುಮಂತಮ್ಮನಿಗೆ ಎರಡು ಕಳಿಸಿದಳು.

ಹನುಮಂತಮ್ಮ ಒಂದು ಚೂರು ಬಾಯಿಗಿಟ್ಟುಕೊಂಡಳು. ಅಗಿಯಲು ಹೋದರೆ ಅಗಿಯುವುದಕ್ಕೆ ಏನೂ ಇರಲಿಲ್ಲ, ಹೂರಣ ಕರಗಿಹೋಗಿತ್ತು. ಆಕೆ ಇನ್ನೊಂದು ಹೋಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು.

“ರುದ್ರಾಣಿ, ಇದು ನಮ್ಮೂರ ನೀರಿಗೆ ಬೇಯೋ ಬ್ಯಾಳೆ ಅಲ್ಲ.”

ಆ ಕೇರಿಯಲ್ಲಿ ಸಿಹಿನೀರು ಇದ್ದದ್ದು ಒಂದೇ ಕಡೆ, ಉಪದೇಶಿ ಸಮುವೇಲಪ್ಪನ ಹಿತ್ತಲಲ್ಲಿ. ಎಂಟು ವರ್ಷದ ಹಿಂದೆ ಮಿಷನ್ನಿನವರು ಸಮುವೇಲಪ್ಪನನ್ನೂ ಅವನ ಹೆಂಡತಿ ನಿರ್ಮಲಮ್ಮನನ್ನೂ ಒಂದು ಮದ್ದಿನ ಪೆಟ್ಟಿಗೆಯನ್ನೂ ಅಲ್ಲಿಗೆ ಕಳಿಸಿದಾಗ ಕೇರಿಯ ಹಿರಿಯರು ಸೇರಿ, ಕಿರಿಸ್ತಾನರು ನಮ್ಮ ಬಾವಿ ಮುಟ್ಟಬಾರದು, ನಾವು ಅವರ ಮನೆಯ ನೀರು ಮುಟ್ಟಬಾರದು ಎಂದು ಕಟ್ಟಳೆ ಮಾಡಿದರು. ಆತ ಮರುಮಾತಾಡದೆ ತನ್ನ ಹಿತ್ತಲಲ್ಲೇ ಬಾವಿ ತೋಡಿಸಿದ. ಎಳನೀರಿನಂಥ ನೀರು ಬಂತು. ನಮಗೆ ಕೊಡದ ಸಿಹಿಯನ್ನು ದೇವರು ಅವನಿಗೇಕೆ ಕೊಟ್ಟ ಎಂದು ಕೇರಿಯವರು ಒಂದು ತಿಂಗಳು ಚರ್ಚೆ ಮಾಡಿ, ಆ ಜಾಗ ಮೊದಲು ನಮ್ಮವರದೇ ಆಗಿತ್ತಲ್ಲ ಎಂದು ಸಮಾಧಾನ ಮಾಡಿಕೊಂಡರು.

ಆಮೇಲೆ ವರ್ಷಗಳು ಕಳೆದವು. ಚಳಿಜ್ವರಕ್ಕೆ ಅವನ ಪುಡಿ ನಡೆಯಿತು, ಮಕ್ಕಳ ಹುಣ್ಣಿಗೆ ನಿರ್ಮಲಮ್ಮನ ಪಟ್ಟಿ ನಡೆಯಿತು, ಬಿಸಿಲು ಹೊತ್ತಿನಲ್ಲಿ ಅವನ ಜಗಲಿ ಎಲ್ಲರ ಜಗಲಿಯಾಯಿತು. ಕಟ್ಟಳೆ ಮಾತ್ರ ಉಳಿದುಕೊಂಡಿತು. ಮಾಡುವಾಗ ಎಲ್ಲರೂ ಸೇರಿದ್ದರು, ತೆಗೆಯೋಣ ಎಂದು ಮೊದಲು ಬಾಯಿ ಬಿಡಲು ಒಬ್ಬರಿಗೂ ಧೈರ್ಯವಿರಲಿಲ್ಲ. ತಿಪ್ಪೇಶಪ್ಪನಿಗಂತೂ ಸಮುವೇಲಪ್ಪ ಜೀವದ ಗೆಳೆಯ. ಸಂಜೆ ಇಬ್ಬರೂ ಒಂದೇ ಪೇಪರನ್ನು ಎರಡು ತುದಿಯಿಂದ ಹಿಡಿದು ಜರ್ಮನಿಯವರು ಎಲ್ಲಿಗೆ ಬಂದರು ಎಂದು ಓದುತ್ತಿದ್ದ ಸುಖವನ್ನು ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ಹಿತ್ತಲ ಬೇಲಿಯಲ್ಲೊಂದು ಸಂದು ಇತ್ತು. ಅದರಲ್ಲಿ ರುದ್ರಾಣಿಯ ಎರಡು ಕೊಡ ದಿನಾ ಹೋಗಿ ತುಂಬಿಕೊಂಡು ಬರುತ್ತಿದ್ದವು.

ಹನುಮಂತಮ್ಮನ ಕೈಯಲ್ಲಿದ್ದ ಹೋಳಿಗೆ ಕೇರಿಯನ್ನೆಲ್ಲ ಸುತ್ತಿ ಕೊನೆಗೆ ಗಿಡ್ಡಪ್ಪನ ಮನೆ ಮುಟ್ಟಿತು. ಗಿಡ್ಡಪ್ಪ ಆರಡಿ ಎತ್ತರದ ಆಳು, ಕೇರಿಯ ಹಿರಿಯ. ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ತಿಪ್ಪೇಶಪ್ಪನ ಪಡಸಾಲೆಯಲ್ಲಿ ಕೂತು, ಸಾಕ್ಷಿಗೆ ತಾನೂ ಒಂದು ಹೋಳಿಗೆ ತಿಂದು ನೋಡಿದ. ಅನುಮಾನ ಪರಿಹಾರವಾಗಲಿಲ್ಲವೆಂದು ಇನ್ನೊಂದು ತಿಂದ. ಆಮೇಲೆ ದನಿ ತಗ್ಗಿಸಿ ಹೇಳಿದ.

“ನೋಡು ತಿಪ್ಪೇಶಿ, ಸಂಜಿಗೆ ಬೀಗರು ಬರ್ತಾರೆ. ಈ ಮಾತು ಅವ್ರ ಕಿವಿಗೆ ಬಿದ್ರೆ ಹುಡುಗಿ ಗತಿ ಏನು? ಒಂದು ಮುಚ್ಚಳಿಕೆ ಬರ್ಕೊಡು. ಕೇರಿ ಬಾಯಿ ನಾನು ಮುಚ್ಚಿಸ್ತೀನಿ.”

ತಿಪ್ಪೇಶಪ್ಪ ಬಾಗಿಲಲ್ಲಿ ನಿಂತಿದ್ದ ಹನುಮಂತಮ್ಮನ ಬಾಯಿ ನೋಡಿದ. ಅದು ಮುಚ್ಚುವ ಬಾಯಿಯಲ್ಲ. ಮಗಳ ಮುಖ ನೋಡಿದ. ಬೇರೆ ದಾರಿ ಕಾಣದೆ ಕಾಗದ ತೆಗೆದ.

ಇನ್ನು ಮುಂದೆ ಆ ಬಾವಿಯ ನೀರು ಮುಟ್ಟುವುದಿಲ್ಲ ಎಂಬ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆದರೆ ಇಪ್ಪತ್ತು ವರ್ಷ ಪಳಗಿದ ಕೈ ಒಂದು ಸಾಲಿಗೆ ನಿಲ್ಲುತ್ತದೆಯೇ? ನಾನಾಗಲಿ, ನನ್ನ ಹೆಂಡತಿಯಾಗಲಿ, ಹುಟ್ಟಿದ ಹಾಗೂ ಹುಟ್ಟಲಿರುವ ನನ್ನ ಸಂತತಿಯಾಗಲಿ ಸದರಿ ಕ್ರೈಸ್ತರ ಬಾವಿ, ಹಗ್ಗ, ಗಡಗಡೆ ಇತ್ಯಾದಿ ಯಾವುದನ್ನೂ ಮುಟ್ಟತಕ್ಕದ್ದಲ್ಲ ಎಂದು ಬರೆದ. ಓದಿ ನೋಡಿದರೆ ಏನೋ ಕೊರತೆ ಕಂಡಿತು. ಒಳಗಿನಿಂದ ರುದ್ರಾಣಿ, ಸಾಕು ಮಾಡ್ರಿ ಎಂದು ಎರಡು ಸಲ ಹೇಳಿದಳು. ತಿಪ್ಪೇಶಪ್ಪ ಲೇಖನಿಯನ್ನು ಮಸಿಗೆ ಅದ್ದಿಕೊಂಡು ಇನ್ನೊಂದು ಕಲಮು ಸೇರಿಸಿದ. ಇಂಥ ನೀರನ್ನು ಕುಡಿಯುವ ಮನೆಯವರು ಯಾವ ಊರಿನವರೇ ಆಗಿರಲಿ, ಅವರೊಡನೆ ಹೆಣ್ಣು ಕೊಡುವ ತರುವ ವ್ಯವಹಾರ ಮಾಡತಕ್ಕದ್ದಲ್ಲ. ಗಿಡ್ಡಪ್ಪ ಅದನ್ನು ಗಟ್ಟಿಯಾಗಿ ಓದಿಸಿ ಕೇಳಿ, ಕಚೇರಿಯ ಮುಂದೆ ಕೂತದ್ದಕ್ಕೂ ಸಾರ್ಥಕ ಎಂದು ತಲೆದೂಗಿದ.

ಹೊಗಳಿಕೆಗೆ ತಿಪ್ಪೇಶಪ್ಪನ ಮುಖ ಒಂದು ಗಳಿಗೆ ಅರಳಿತು. ಮರುಗಳಿಗೆಯಲ್ಲಿ ಬೇಲಿಯ ಆಚೆ ಗಡಗಡೆಯ ಸದ್ದು ನಿಂತದ್ದು ಕೇಳಿಸಿ ಅವನಿಗೆ ನಾಚಿಕೆಯಾಯಿತು. ಸಮುವೇಲಪ್ಪ ಅಲ್ಲೇ ಇದ್ದ, ಎಲ್ಲವನ್ನೂ ಕೇಳಿದ್ದ. ಗಿಡ್ಡಪ್ಪನ ಕಡೆಯವರು ಆ ಸಂದಿಗೆ ಜಾಲಿಮುಳ್ಳು ತುಂಬಿ ಹೋದರು.

ಮಧ್ಯಾಹ್ನ ಸಮುವೇಲಪ್ಪ ಬಂದು ಬಾಗಿಲಾಚೆ ನಿಂತ. ಹೊನ್ನಾಳಿಯವರು ಬರುವ ಮುಂಚೆ ಒಂದು ಮಾತು ಹೇಳಬೇಕಿತ್ತು ಎಂದ. ಎದುರು ಜಗಲಿಯಲ್ಲಿ ನಾಲ್ಕು ಜೊತೆ ಕಣ್ಣು ಇತ್ತಲೇ ನೆಟ್ಟಿದ್ದವು. ತಿಪ್ಪೇಶಪ್ಪ ಗೆಳೆಯನ ಮುಖ ನೋಡದೆ, ಇವತ್ತು ಬ್ಯಾಡ, ನಾಳೆ ಮಾತಾಡಾನ ಎಂದುಬಿಟ್ಟ. ಆತ ಆಗಲಿ ಎಂದು ಹೊರಟುಹೋದ. ಬೈದಿದ್ದರೆ ಚೆನ್ನಾಗಿತ್ತು ಎಂದು ತಿಪ್ಪೇಶಪ್ಪನಿಗೆ ಅನ್ನಿಸಿತು.

ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದ ಕಾಲ. ಬೀಗರು ಸಂಜೆ ನಾಲ್ಕಕ್ಕೆ ಒಲೆಯೊಳಗಿಂದ ಎದ್ದು ಬಂದವರಂತೆ ಇಳಿದರು. ಹುಡುಗನ ತಂದೆ ಶಿವಮೂರ್ತಪ್ಪ ಮುಖ ತೊಳೆದ ಮೇಲಷ್ಟೇ ಆತನಿಗೆ ಬಿಳಿ ಮೀಸೆಯಿದೆ ಎಂದು ತಿಳಿದದ್ದು. ಹುಡುಗ ಸಾವಂತ್ರಿಯನ್ನು ಏನು ಓದುತ್ತೀರಿ ಎಂದು ಕೇಳಿದ. ಅಪ್ಪ ತಂದ ಪೇಪರು, ಯುದ್ಧದ ಸುದ್ದಿ ಎಂದಳು. ಯಾರು ಗೆಲ್ಲುತ್ತಾರೆ ಎಂದ. ಅದನ್ನು ಪೇಪರಿನವರು ದಿನಾ ಬದಲಾಯಿಸುತ್ತಾರೆ ಎಂದಳು. ಹುಡುಗ ನಕ್ಕ. ತಲೆ ತಗ್ಗಿಸಿದ್ದ ಅವಳೂ ನಕ್ಕಳು. ಬಾಗಿಲ ಮರೆಯಲ್ಲಿ ರುದ್ರಾಣಿ ಕೈಮುಗಿದಳು.

ಹೋಳಿಗೆ ಬಂತು. ಶಿವಮೂರ್ತಪ್ಪ ಒಂದು ತುತ್ತು ತಿಂದು ಕಣ್ಣರಳಿಸಿ, ಇದು ಸಮುವೇಲಪ್ಪನವರ ಬಾವಿ ನೀರಲ್ಲವೇ ಎಂದು ಕೇಳಿದ.

ಹಿರಿಯನೆಂದು ಜೊತೆಗೆ ಕೂತಿದ್ದ ಗಿಡ್ಡಪ್ಪ, ಕೆಟ್ಟಿತು ಎಂದುಕೊಂಡು ಕೇರಿಯ ಮಾನ ಉಳಿಸಲು ಮುಂದಾದ. ಅದೆಲ್ಲ ಬೆಳಗಿನವರೆಗಿನ ಮಾತು, ಈಗ ನಮ್ಮ ತಿಪ್ಪೇಶಿ ಅಪ್ಪಟ ಬಂಗಾರ ಎಂದು ಜೇಬಿನಿಂದ ಮುಚ್ಚಳಿಕೆ ತೆಗೆದು ಕೊಟ್ಟ. ಹುಡುಗನೇ ಅದನ್ನು ಓದಿದ. ಹುಟ್ಟಲಿರುವ ಸಂತತಿಯ ತನಕ ದನಿ ನೆಟ್ಟಗಿತ್ತು, ಕೊನೆಯ ಕಲಮಿಗೆ ಬಂದಾಗ ಕುಗ್ಗಿತು.

ಶಿವಮೂರ್ತಪ್ಪ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಯ ಮೇಲಿಟ್ಟ.

“ನಮ್ಮ ಹುಡುಗ ಇರಾದು ಮಿಷನ್ ಸ್ಕೂಲಿನಾಗೆ ರೀ. ವಾಸ ಅವರ ಕಾಂಪೌಂಡಿನಾಗೆ, ಕುಡಿಯಾದು ಅವರ ಬಾವಿ ನೀರು. ಇದು ತಿಳಿದ ಮ್ಯಾಲೆ ಮೂರು ಮನೆಯೋರು ಹೆಣ್ಣು ಕೊಡಲ್ಲ ಅಂದ್ರು. ಸಮುವೇಲಪ್ಪನೋರೇ ಕಾರ್ಡು ಬರೆದ್ರು, ನಮ್ಮ ಪಕ್ಕದಾಗೆ ಒಂದು ಮನೆ ಐತೆ, ಏಳು ವರ್ಷದಿಂದ ನನ್ನ ನೀರು ಕುಡೀತೈತೆ, ಅಲ್ಲಿಗೆ ಹೋಗ್ರಿ ಅಂತ. ಈ ಅಕ್ಷರ ನಿಮ್ದೇ ಏನ್ರಿ?”

ಸುಳ್ಳು ಹೇಳಬಹುದಿತ್ತು. ಆದರೆ ಅಂಥ ದುಂಡಗಿನ ಅಕ್ಷರ ತಾಲ್ಲೂಕಿನಲ್ಲಿ ಇನ್ನೊಬ್ಬರದಿರಲಿಲ್ಲ. ತಿಪ್ಪೇಶಪ್ಪ ನನ್ನದೇ ಎಂದ. ರುದ್ರಾಣಿ ಲಜ್ಜೆ ಬಿಟ್ಟು ಹೊರಗೆ ಬಂದು, ಕೊಡ್ರಿ, ಒಲೆಗೆ ಹಾಕ್ತೀನಿ ಎಂದಳು. ಶಿವಮೂರ್ತಪ್ಪ ಎದ್ದು ನಿಂತು, ಕಾಗದ ಸುಡಬೌದು ತಾಯಿ, ನಾಳೆ ಇನ್ನೊಬ್ಬರು ಹೆದರಿಸಿದ್ರೆ ಇವರು ಇನ್ನೊಂದು ಬರೀತಾರೆ ಎಂದ. ಹುಡುಗ ಹೊಸ್ತಿಲಲ್ಲಿ ಒಮ್ಮೆ ತಿರುಗಿ ನೋಡಿ ಹೋದ.

ಗಿಡ್ಡಪ್ಪ ಅವರನ್ನು ಬಸ್ಸಿನ ತನಕ ಬಿಟ್ಟುಬರುತ್ತೇನೆ ಎಂದು ಮುಚ್ಚಳಿಕೆಯನ್ನು ಮಡಿಸಿಕೊಂಡು ಹಿಂದೆಯೇ ಹೊರಟ. ಬಸ್ಸು ನಿಲ್ಲುವ ಜಾಗ ಬಲಕ್ಕೆ. ಅವರೆಲ್ಲ ಎಡಕ್ಕೆ ತಿರುಗಿದ್ದನ್ನು ತಿಪ್ಪೇಶಪ್ಪ ಜಗಲಿಯ ಮೇಲಿಂದ ನೋಡಿದ. ಎಡಕ್ಕಿರುವುದು ಗಿಡ್ಡಪ್ಪನ ಮನೆ.

ಮುಂದಿನದನ್ನು ಹನುಮಂತಮ್ಮ ಬಂದು ಹೇಳಿದಳು. ಗಿಡ್ಡಪ್ಪ ಬೀಗರನ್ನು ಕೂರಿಸಿ, ನಮ್ಮನ್ಯಾಗೆ ಯಾರೂ ಅಂಥ ಕಾಗದ ಬರೆದಿಲ್ಲ, ನಾಕು ವರ್ಷದಿಂದ ನಾವೂ ಅದೇ ನೀರು ಕುಡಿಯಾದು ಎಂದು ಮೊಮ್ಮಗಳನ್ನು ಕರೆದು ತೋರಿಸಿದನಂತೆ. ಉಪದೇಶಿಯ ಬಾವಿಯ ಕಡೆಗಿನ ಅವರ ಹಿತ್ತಲ ಗೋಡೆಯಲ್ಲಿ, ಕೊಡ ದಾಟುವಷ್ಟು ದೊಡ್ಡ ಒಂದು ಕಲ್ಲು ತೆಗೆದು ಇಡುವಂಥದ್ದಂತೆ. ಶಿವಮೂರ್ತಪ್ಪ ಒಪ್ಪಿದನಂತೆ. ಹುಡುಗ ಏನೆಂದ ಎಂದು ಹನುಮಂತಮ್ಮನಿಗೂ ತಿಳಿಯದು. ಆಗ ಹುಡುಗರನ್ನು ಕೇಳುವ ರೂಢಿ ಅಷ್ಟಿರಲಿಲ್ಲ. ಇಷ್ಟು ಹೇಳಿ ಆಕೆ ತಾನೂ ಒಂದು ಕೊಡ ಸೊಂಟಕ್ಕಿಟ್ಟುಕೊಂಡು ಉಪದೇಶಿಯ ಮುಂಬಾಗಿಲ ಕಡೆಗೆ ನಡೆದಳು. ಹಿರಿಯನೇ ಒಪ್ಪಿಕೊಂಡ ಮೇಲೆ ಇನ್ನಾರ ಅಂಜಿಕೆ?

ಮನೆಯಲ್ಲಿ ಒಂದು ಹನಿ ಸಿಹಿನೀರಿರಲಿಲ್ಲ. ತಿಪ್ಪೇಶಪ್ಪ ಗೆಳೆಯನ ಕ್ಷಮೆ ಕೇಳಿಯೇ ತೀರುವುದೆಂದು ತಾನೇ ಕೊಡ ಹಿಡಿದು ಹೋದ. ನೋಡಿದರೆ ಕೇರಿಗೆ ಕೇರಿಯೇ ಅಲ್ಲಿ ಸಾಲುಗಟ್ಟಿತ್ತು. ಎಲ್ಲರಿಗೂ ಹಗ್ಗದ ಉದ್ದ, ಗಡಗಡೆಯ ಅಂಕುಡೊಂಕು ಮೊದಲೇ ಗೊತ್ತಿತ್ತು. ಗಿಡ್ಡಪ್ಪ ಬಾವಿಕಟ್ಟೆಯ ಮೇಲೆ ಮನೆಯವನಂತೆ ಕೂತಿದ್ದ. ತಿಪ್ಪೇಶಪ್ಪನನ್ನು ಕಂಡು ಜೇಬು ಮುಟ್ಟಿ ನೋಡಿಕೊಂಡ.

“ನಾವೆಲ್ಲ ಸರಿ ಕಣೋ. ನೀನು ಮುಟ್ಟಾಕೆ ಬರಾದಿಲ್ಲ. ಹುಟ್ಟಲಿರೋರನ್ನೂ ಸೇರಿಸಿ ಬರ್ದಿದೀಯ.”

ಸಮುವೇಲಪ್ಪ ಜನರ ನಡುವಿನಿಂದ ಬಂದ. “ಕಾಗದ ನಿಮ್ಮ ಕೇರೀದು, ಬಾವಿ ನಂದು. ಕೊಡ ಇಡ್ರಿ ತಿಪ್ಪೇಶಣ್ಣ” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದ್ದರಿಂದಲೇ ತಿಪ್ಪೇಶಪ್ಪನ ಕೈ ಏಳಲಿಲ್ಲ. ಕಣ್ಣು ತುಂಬಿ, ಕ್ಷಮೆ ಕೇಳದೆಯೇ ಖಾಲಿ ಕೊಡ ಹೊತ್ತು ತಿರುಗಿದ.

ಹಿಂದಿನಿಂದ ಗಿಡ್ಡಪ್ಪ ಕರೆದ. “ಬೇಜಾರಾಗ್ಬ್ಯಾಡ. ಲಗ್ನಪತ್ರಿಕೆ ನೀನೇ ಬರ್ಕೊಡಬೇಕು. ಬೀಗರು ಬೆಳಿಗ್ಗೆ ಬಸ್ಸಿಗೆ ಹೋಗ್ತಾರೆ, ಅಷ್ಟರಾಗೆ ಬೇಕು.”

ಆ ಮಾತು ಕೇರಿಗೆಲ್ಲ ಕೇಳಿಸಿತು, ತಿಪ್ಪೇಶಪ್ಪನ ಮನೆಗೂ ಕೇಳಿಸಿತು. ಅವನು ಒಳಗೆ ಬಂದು ಕೊಡ ಬೋರಲು ಹಾಕಿ ಗೋಡೆಗೆ ಒರಗಿ ಕೂತ. ಸಾವಂತ್ರಿ ದೀಪದ ಬತ್ತಿ ಸರಿಮಾಡಿ, ಮಸಿಕುಡಿಕೆಯನ್ನೂ ಲೇಖನಿಯನ್ನೂ ತಂದು ಅಪ್ಪನ ಮುಂದಿಟ್ಟಳು.