ಕವಚ ಕಳಚದ ದಿನ

ಎಲ್ಲದಕ್ಕೂ ಕಾರಣ ಅಟ್ಟದ ಮೇಲಿನ ಧೂಳು.

"ಸಂಜೆ ಅಧಿಕಾರಿಗಳು ಮನೆ ನೋಡೋಕೆ ಬರ್ತಾರಮ್ಮ, ಸ್ವಲ್ಪ ಚೊಕ್ಕಟ ಮಾಡಿಡು" ಎಂದು ಮರಿ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹೇಳಿದ್ದ. ಅಟ್ಟದ ಮಾತನ್ನು ಅವನು ಎತ್ತಿರಲೇ ಇಲ್ಲ. ಆದರೆ ಅವನ ಅಮ್ಮನಿಗೆ ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ನೆಲ ಒರೆಸಿದಳು. ಕಿಟಕಿಯಿಲ್ಲದ ಗೋಡೆಗೆ ತೂಗುಹಾಕಿದ್ದ ಕಿಟಕಿಯ ಚಿತ್ರವನ್ನೂ ಒರೆಸಿದಳು. ಆಮೇಲೆ ಕತ್ತೆತ್ತಿ ಅಟ್ಟ ನೋಡಿದಳು. ಸ್ಟೂಲು ಹತ್ತೋಣವೆಂದರೆ ಮಂಡಿನೋವು. ಆಗ ಅವಳ ಕಣ್ಣು ಮೂಲೆಯ ಬಟ್ಟೆ ಸ್ಟ್ಯಾಂಡಿನ ಮೇಲೆ ಬಿತ್ತು.

ಅದು ನಿಜಕ್ಕೂ ಬಟ್ಟೆ ಸ್ಟ್ಯಾಂಡಲ್ಲ, ಬಂಡಾಯದ ಕಾಲದ ಯುದ್ಧಕವಚ. ಒಳಗೆ ಹೊಕ್ಕು ನಿಂತರೆ ಮನುಷ್ಯರು ಒಂದೂವರೆ ಆಳೆತ್ತರ ಆಗುತ್ತಾರೆ, ಮಂಡಿಯ ಭಾರವನ್ನೆಲ್ಲ ಉಕ್ಕೇ ಹೊರುತ್ತದೆ. ಮೂವತ್ತು ವರ್ಷದಿಂದ ಅದರ ಭುಜಗಳ ಮೇಲೆ ಒದ್ದೆ ಟವೆಲ್ಲುಗಳು ಒಣಗುತ್ತಿದ್ದವು. ಅಮ್ಮ ಟವೆಲ್ಲುಗಳನ್ನು ಮಡಿಸಿಟ್ಟು, ಪೊರಕೆ ಹಿಡಿದು ಒಳಗೆ ಹೊಕ್ಕಳು. ಕವಚ ಕಟಕ್ಕೆಂದು ಮುಚ್ಚಿಕೊಂಡಿತು.

ನೆಲದಡಿ ನೂರಾರು ಅಂತಸ್ತು ಕೊರೆದು ಕಟ್ಟಿದ ಆ ನಗರವನ್ನು ನಡೆಸುತ್ತಿದ್ದುದು ಒಂದು ಯಂತ್ರ. ದೀಪ ಯಾವಾಗ ಆರಬೇಕು, ನಲ್ಲಿ ಎಷ್ಟು ಹೊತ್ತು ಬರಬೇಕು, ಯಾರು ಏನು ಕೆಲಸ ಮಾಡಬೇಕು ಎಂಬುದನ್ನೆಲ್ಲ ಅದೇ ಹೇಳುತ್ತಿತ್ತು, ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಹಾಗಾಗಿ ಜನ ಅದಕ್ಕೆ ಯಜಮಾನ ಎಂದು ಹೆಸರಿಟ್ಟಿದ್ದರು. ಮರಿ ಹುಟ್ಟಿದ ವರ್ಷ ಯಜಮಾನ, ಇನ್ನು ಮೇಲೆ ಕೂಸುಗಳನ್ನೆಲ್ಲ ಸರ್ಕಾರವೇ ಸಾಕುತ್ತದೆ, ತಂದು ಒಪ್ಪಿಸಿ ಎಂದು ಅಪ್ಪಣೆ ಮಾಡಿದ. ಈ ಅಂತಸ್ತಿನ ಬಟ್ಟೆ ಒಗೆಯುವ ಕಾರ್ಖಾನೆಯ ಹೆಂಗಸರು ತಿರುಗಿಬಿದ್ದರು. ಅವರ ದಳವಾಯಿ ಮರಿಯ ಅಮ್ಮ. ಅಂತಸ್ತಿನ ಮೇಲೆ ಅಂತಸ್ತು ಗೆದ್ದುಕೊಂಡು ಯಜಮಾನನ ದೊಡ್ಡ ಬಾಗಿಲವರೆಗೂ ಹೋದವರು, ಬಾಗಿಲಲ್ಲಿ ಸೋತು ವಾಪಸು ಬಂದರು. ಅದಾದ ವಾರಕ್ಕೆ ಯಜಮಾನ 'ಸ್ಥಳದ ಅಭಾವದಿಂದ' ಕೂಸುಗಳನ್ನು ತಾಯಂದಿರ ಹತ್ತಿರವೇ ಬಿಟ್ಟ. ಆದರೂ ಸೋತದ್ದು ಸೋತದ್ದೇ. ಹೇಗೆ ಸೋತರು ಎಂದು ಮಾತ್ರ ಮರಿಗೆ ಯಾರೂ ಹೇಳಿರಲಿಲ್ಲ. ಕೇಳಿದರೆ ಅವನ ಕೈಗೆ ತಿನ್ನಲು ಏನಾದರೂ ಕೊಟ್ಟು ಕಳಿಸುತ್ತಿದ್ದರು.

ಮರಿಯೆಂದರೆ ಮರಿಯಲ್ಲ. ಮೂವತ್ತು ದಾಟಿ, ಮುಂದಲೆ ಬಯಲಾಗಿತ್ತು. ಲಿಫ್ಟು ರಿಪೇರಿ ಕೆಲಸ, ಅದೂ ಹಂಗಾಮಿ. ಅವನ ಜೊತೆ ಸೇರಿದವರೆಲ್ಲ ಕಾಯಂ ಆಗಿ, ಮದುವೆಯಾಗಿ, ಮಕ್ಕಳನ್ನು ಅವನ ಲಿಫ್ಟಿನಲ್ಲೇ ಶಾಲೆಗೆ ಕಳಿಸುತ್ತಿದ್ದರು. ಈಗ ಕೊನೆಗೂ ಅವನ ಸರದಿ. ಸಂಜೆ ಬರುವ ಅಧಿಕಾರಿ ಮನೆ ನೋಡಿ 'ಕಾಯಂ' ಎಂದರೆ ಮುಗಿಯಿತು. ಷರತ್ತು ಒಂದೇ, ಮನೆಯಲ್ಲಿ ಬಂಡಾಯದ ಕಾಲದ ಒಂದು ಮೊಳೆಯೂ ಇರಕೂಡದು. ಟವೆಲ್ಲು ಹೊದ್ದ ಕವಚ ಬಟ್ಟೆ ಸ್ಟ್ಯಾಂಡಿನಂತೆಯೇ ಕಾಣುತ್ತದೆ ಎಂದು ಮರಿ ಧೈರ್ಯವಾಗಿದ್ದ.

ಮಧ್ಯಾಹ್ನ ಅವನು ಲಿಫ್ಟಿನ ಬಾವಿಯಲ್ಲಿ ನೇತಾಡುತ್ತ ಗ್ರೀಸು ಸವರುತ್ತಿದ್ದಾಗ ಮೇಲಿನಿಂದ ಎದುರುಮನೆ ಚಿಕ್ಕಮ್ಮನ ದನಿ ಬಂತು.

"ಮರೀ, ಬೇಗ ಬಾರಪ್ಪ. ನಿಮ್ಮಮ್ಮ ಯುದ್ಧಕ್ಕೆ ಹೊರಟು ನಿಂತಿದಾಳೆ."

"ಯಾರ ಜೊತೆ ಚಿಕ್ಕಮ್ಮ?"

"ಸದ್ಯಕ್ಕೆ ಅಟ್ಟದ ಜೊತೆ."

ಮನೆಗೆ ಓಡಿಬಂದು ನೋಡಿದರೆ ಅಮ್ಮ ನಡುಮನೆಯಲ್ಲಿ ನಿಂತಿದ್ದಳು. ತಲೆಯ ಉಕ್ಕಿನ ಟೋಪಿ ಸೂರಿಗೆ ತಾಗುತ್ತಿತ್ತು. ಅಷ್ಟು ದೊಡ್ಡ ಕೈಯಲ್ಲಿ ಪೊರಕೆ ಹಲ್ಲುಕಡ್ಡಿಯಂತೆ ಕಾಣುತ್ತಿತ್ತು.

"ಧೂಳೆಲ್ಲ ಹೋಯ್ತು ನೋಡು" ಎಂದಳು ಅಮ್ಮ.

"ಅದರಿಂದ ಆಚೆ ಬಾಮ್ಮ ಮೊದಲು."

"ನಾನು ಬರ್ತೀನಿ. ಇದು ಬಿಡ್ತಿಲ್ಲ."

ಮರಿ ಕವಚದ ಪಕ್ಕೆಯ ಚಿಲಕ ಹಿಡಿದು ಎಳೆದ. ಒಳಗಿಂದ ತುಕ್ಕು ಹಿಡಿದ ದನಿಯೊಂದು ಗಂಭೀರವಾಗಿ ಕೇಳಿತು. "ಯಾರು ಸೋತರು?"

"ಇದ್ಯಾರಮ್ಮ?"

"ಕವಚ ಕಣೋ. ಆವಾಗಲಿಂದ ಅದೊಂದೇ ಕೇಳ್ತಿದೆ."

ಅಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಮಾವ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದರು. ಬಂಡಾಯದ ಕವಚಗಳಿಗೆಲ್ಲ ಒಳಗಿನ ಮೆತ್ತೆ ಹೊಲಿದವರು ಅವರೇ. ಅವರು ಕವಚದ ಸುತ್ತ ಒಂದು ಸುತ್ತು ಬಂದು, ಹೊಲಿಗೆಯ ಹತ್ತಿರ ಮೂಗಿಟ್ಟು ಕಣ್ಣು ಮುಚ್ಚಿದರು.

"ಅದೇ ಸೋಪು" ಎಂದರು ಮೆಲ್ಲಗೆ. "ಕಾರ್ಖಾನೆ ಸೋಪು. ಇನ್ನೂ ವಾಸನೆ ಹೋಗಿಲ್ಲ ನೋಡಿ ಅಕ್ಕ."

"ಮಾವ, ವಾಸನೆ ಆಮೇಲೆ. ಇದನ್ನ ತೆಗೆಯೋದು ಹೇಗೆ?"

"ಸುಲಭ ಕಣಪ್ಪ. ಆವಾಗ ನಮಗೊಂದು ಭಯ ಇತ್ತು. ಯುದ್ಧದ ಮಧ್ಯೆ ಯಾರಾದ್ರೂ ಹೆದರಿ ಕವಚ ಬಿಚ್ಚಿಟ್ಟು ಓಡಿಹೋದ್ರೆ? ಅದಕ್ಕೇ ಒಗೆಯೋ ಕಲ್ಲಿನ ಮೇಲೆ ಕೂತು ಎಲ್ಲರೂ ಕೈ ಎತ್ತಿ ತೀರ್ಮಾನ ಮಾಡಿದ್ವಿ. ಯಾರಾದ್ರೂ ಒಬ್ಬರು ಸೋಲು ಒಪ್ಪೋವರೆಗೂ ಕವಚ ಬಿಚ್ಚಿಕೊಳ್ಳಬಾರದು. ಹಂಗೇ ಚಿಲಕ ಕೂರಿಸಿದ್ವಿ. ಇಲ್ಲ ಯಜಮಾನನ ಕಡೆಯವರು ಸೋತ್ವಿ ಅನ್ನಬೇಕು, ಇಲ್ಲ ಒಳಗಿರೋರು ಸೋತೆ ಅನ್ನಬೇಕು. ಅಷ್ಟೇ."

ಮರಿಗೆ ಹೋದ ಜೀವ ಬಂದಂತಾಯಿತು. "ಅಮ್ಮ, ಸೋತೆ ಅನ್ನು."

"ಅನ್ನಲ್ಲ."

"ಒಂದೇ ಮಾತಮ್ಮ."

"ಒಂದೇ ಮಾತು ಅಂತಾನೇ ಅನ್ನಲ್ಲ."

ಮರಿ ಸ್ಪ್ಯಾನರು ಹಾಕಿ ತಿರುಗಿಸಿದ, ಸ್ಪ್ಯಾನರೇ ತಿರುಚಿಕೊಂಡಿತು. ಸಂದಿಗೆ ಗ್ರೀಸು ಸುರಿದ. ಅಮ್ಮ ಜಾರಿ ಮಂಚದ ಮೇಲೆ ಕೂತಳು, ಮಂಚ ಒಣಗಿದೆಲೆಯಂತೆ ನುಚ್ಚಾಯಿತು. ಯಾರೋ ಕರೆಗಂಟೆ ಒತ್ತಿದರು. ಶತ್ರು ಬಂದನೆಂದು ಕವಚದ ಕೈ ತಾನಾಗಿ ಮೇಲೆದ್ದು ಸೂರಿನ ಎರಡು ದೀಪಗಳಲ್ಲಿ ಒಂದನ್ನು ಉದುರಿಸಿತು. ಬಾಗಿಲಲ್ಲಿ ನಿಂತಿದ್ದವರು ಶತ್ರುವಲ್ಲ, ಕಾರ್ಖಾನೆಯ ಹಳೆಯ ಹೆಂಗಸರು. ಸುದ್ದಿ ಕೇಳಿ ಒಬ್ಬೊಬ್ಬರಾಗಿ ಬಂದಿದ್ದರು. ಒಬ್ಬಳಿಗೆ ಕೋಲು, ಒಬ್ಬಳಿಗೆ ಕಿವಿ ಕೇಳದು. ಎಲ್ಲರೂ ಅಮ್ಮನನ್ನು ಕತ್ತೆತ್ತಿ ನೋಡಿದರು. ಕೋಲಿನವಳು ತಾನು ಕೋಲು ಹಿಡಿದಿದ್ದೇನೆ ಎಂಬುದನ್ನೇ ಮರೆತು ನೆಟ್ಟಗಾದಳು.

"ಎಂಟನೇ ಅಂತಸ್ತಿನ ಮೆಟ್ಟಿಲು ನೆನಪಿದೆಯೇನ್ರೇ?" ಎಂದಳು ಅಮ್ಮ ಕವಚದೊಳಗಿಂದ.

"ಸೋಪಿನ ನೀರು ಸುರಿದಿದ್ದಾ? ಕಾವಲಿನವರೆಲ್ಲ ಕೂತ್ಕೊಂಡೇ ಕೆಳಗೆ ಬಂದ್ರಲ್ಲ."

"ಒಬ್ಬ ಹೋಗೋವಾಗ ನಮಸ್ಕಾರ ಬೇರೆ ಹೇಳ್ದ."

ಮನೆ ತುಂಬ ನಗು. ಅಮ್ಮ ಹೀಗೆ ನಕ್ಕದ್ದನ್ನು ಮರಿ ಎಂದೂ ಕೇಳಿರಲಿಲ್ಲ. ಒಂದು ಗಳಿಗೆ ಅವನಿಗೂ ಸುಮ್ಮನೆ ಕೂತು ಕೇಳೋಣ ಅನ್ನಿಸಿತು. ಆಮೇಲೆ ಗಡಿಯಾರ ನೋಡಿದ, ಸಂಜೆಯಾಗುತ್ತ ಬಂದಿತ್ತು. ಚಿಕ್ಕಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಹೋದ.

"ಚಿಕ್ಕಮ್ಮ, ನೀವಾದ್ರೂ ಹೇಳಿ. ಆ ಒಂದು ಮಾತು ಅಂದ್ರೆ ಅವಳ ಗಂಟೇನು ಹೋಗುತ್ತೆ?"

ಚಿಕ್ಕಮ್ಮ ಅಭ್ಯಾಸದಂತೆ ಅವನ ಕೈಗೊಂದು ಬ್ರೆಡ್ಡು ಕೊಟ್ಟು, ದನಿ ತಗ್ಗಿಸಿದರು.

"ಒಂದು ಸಲ ಅಂದಿದಾಳಪ್ಪ. ದೊಡ್ಡ ಬಾಗಿಲ ಮುಂದೆ. ನಿನ್ನನ್ನ ಬೆನ್ನಿಗೆ ಕಟ್ಟಿಕೊಂಡೇ ಬಂದಿದ್ಳು. ಇನ್ನೇನು ಬಾಗಿಲು ತಳ್ಳಬೇಕು, ನೀನು ಹಸಿವಾಗಿ ಅಳೋಕೆ ಶುರು ಮಾಡ್ದೆ. ಹಾಲು ಕೊಡಬೇಕಂದ್ರೆ ಕವಚ ತೆಗೀಬೇಕು. ಕವಚ ತೆಗೀಬೇಕಂದ್ರೆ..."

ಬ್ರೆಡ್ಡು ಕಚ್ಚಿದ್ದ ಮರಿಗೆ ಕೆಮ್ಮು ಹತ್ತಿತು. "ಅಂದ್ರೆ ಬಂಡಾಯ ಸೋತಿದ್ದು..."

"ಮೊದಲು ನೀರು ಕುಡಿ. ನಿನ್ನನ್ನ ಯಾರೂ ಒಂದು ಮಾತು ಅಂದಿದಾರಾ? ದಳವಾಯಿ ಸೋತೆ ಅಂದ್ರೆ ಇಡೀ ದಳ ಸೋತಂಗೆ, ಆದ್ರೂ ಅಷ್ಟು ದೊಡ್ಡ ದಳದಲ್ಲಿ ಒಬ್ಬಳೂ ಅನ್ನಲಿಲ್ಲ. ಎಲ್ಲರೂ ತಾಯಂದಿರೇ ಅಲ್ವಾ."

ಮರಿ ನಡುಮನೆಗೆ ಬಂದು ಅಮ್ಮನ ಮುಂದೆ ನಿಂತ. ಹೇಳಬೇಕಾದ್ದು ಬಹಳ ಇತ್ತು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಲಿಫ್ಟು ಬಂದು ನಿಂತ ಸದ್ದು. ಅವನೇ ಗ್ರೀಸು ಹಾಕಿದ್ದ ಲಿಫ್ಟು, ಅಂದೇ ಇಷ್ಟು ಚೆನ್ನಾಗಿ ಓಡಬೇಕಿತ್ತೇ. ಅವನು ಹೊದಿಕೆಯೊಂದನ್ನು ಅಮ್ಮನ ಮೇಲೆ ಎಸೆದ. ದರ್ಜಿ ಮಾವ ಅದರ ಮೇಲೆ ಒಗೆದ ಬಟ್ಟೆಗಳನ್ನು ಸಾಲಾಗಿ ಹರವಿದರು. ಹೆಂಗಸರೆಲ್ಲ ಓಣಿಗೆ ಸರಿದರು.

"ಅಮ್ಮ, ನೀನೀಗ ಬಟ್ಟೆ ಸ್ಟ್ಯಾಂಡು. ಉಸಿರೆತ್ತಬೇಡ."

ಅಧಿಕಾರಿ ನಿವೃತ್ತಿಯ ಹೊಸ್ತಿಲಲ್ಲಿದ್ದ ಮೃದುಮಾತಿನ ಮುದುಕರು. ಕೊರಳ ಪಟ್ಟಿಯಲ್ಲಿ ಸಣ್ಣದೊಂದು ಗುಂಡಿ ಮಿನುಗುತ್ತಿತ್ತು. ಕೆಲಸದ ಮೇಲಿದ್ದಾಗ ಅವರು ಆಡಿದ್ದೆಲ್ಲ ಸರ್ಕಾರದ ಮಾತು. ಗುಂಡಿ ಅದನ್ನು ಯಜಮಾನನಿಗೆ ಮುಟ್ಟಿಸುತ್ತಿತ್ತು, ಯಜಮಾನ ಗೋಡೆಯೊಳಗಿಂದ ಉತ್ತರ ಕೊಡುತ್ತಿದ್ದ.

"ಎಂಥ ಸೆಕೆ ಇಲ್ಲಿ" ಎಂದರು ಒಳಗೆ ಬಂದವರೇ.

"ಸೆಕೆ. ದಾಖಲಾಯಿತು" ಎಂದಿತು ಗೋಡೆ. ಮರಿ ವರ್ಷಗಟ್ಟಲೆ ದೂರು ಕೊಟ್ಟರೂ ಅಲ್ಲಾಡದ ಗಾಳಿಕಿಂಡಿ ಭರ್ರೆಂದು ಬೀಸತೊಡಗಿತು. ಓಣಿಯ ಹೆಂಗಸರು ಗಾಳಿಗಾಗಿ ಬಾಗಿಲಿಗೆ ಮುತ್ತಿಕೊಂಡರು.

"ಮಂಚ ಮುರಿದಂಗಿದೆ."

"ಮಂಚ ಮುರಿದಿದೆ. ಹೊಸದು ಮಂಜೂರು. ದಾಖಲಾಯಿತು."

ಅಧಿಕಾರಿ ಕುರ್ಚಿಯಲ್ಲಿ ಕೂತು ಕಿಟಕಿಯ ಚಿತ್ರ ನೋಡಿ ಮೆಚ್ಚಿದರು. ಬಟ್ಟೆ ಸ್ಟ್ಯಾಂಡನ್ನೂ ನೋಡಿದರು. "ಬಟ್ಟೆ ತುಂಬಾ ಒಗೀತೀರಿ" ಎಂದರು. ಮರಿ ಬೆವರೊರೆಸಿಕೊಂಡು ಹೌದೆಂದ.

"ಸರಿಯಪ್ಪ. ಎಲ್ಲ ನೆಟ್ಟಗಿದೆ. ಇನ್ನೊಂದು ಮಾತು ಹೇಳಿದ್ರೆ ನನ್ನ ಕೆಲಸ ಆಯ್ತು." ಮರಿ ಕೈ ಕಟ್ಟಿ ನಿಂತ. ಅಧಿಕಾರಿ ಬಾಯಿ ತೆರೆದವರು, ಬಾಗಿಲಲ್ಲಿದ್ದ ಮುದುಕಿಯರ ಕಡೆ ನೋಡಿ, ಏನೋ ನೆನಪಾಗಿ ನಕ್ಕರು. "ಈ ಅಂತಸ್ತಿನವರಲ್ವಾ ಆವತ್ತು ಬಂದಿದ್ದು. ನಾನಾವಾಗ ದೊಡ್ಡ ಬಾಗಿಲ ಕಾವಲಿಗೆ ಹೊಸದಾಗಿ ಸೇರಿದ್ದೆ. ಪಾಪ, ಬಾಗಿಲವರೆಗೂ ಬಂದವರು ಹೆದರಿ ಓಡಿಹೋದ್ರು."

"ಯಾರು ಓಡಿದ್ದು?" ಎಂದಿತು ಬಟ್ಟೆ ಸ್ಟ್ಯಾಂಡು.

ಮರಿ ಕಣ್ಣು ಮುಚ್ಚಿದ. ಬಟ್ಟೆಗಳು ಒಂದೊಂದಾಗಿ ಜಾರಿ ಬಿದ್ದ ಸದ್ದು ಕೇಳಿತು. ಕಣ್ಣು ಬಿಟ್ಟಾಗ ಅಮ್ಮ ಸೂರು ಮುಟ್ಟುವಂತೆ ನಿಂತಿದ್ದಳು. ಅಧಿಕಾರಿ ಅವಳನ್ನು ನೋಡುತ್ತ ಮೆಲ್ಲಗೆ ಎದ್ದರು. ಟೋಪಿ ತೆಗೆದರು.

"ನೀವಾ ತಾಯಿ. ದನಿ ಕೇಳಿದ ತಕ್ಷಣ ಅಂದ್ಕೊಂಡೆ."

"ಓಡಿದ್ದು ಯಾರು ಅಂತ ಕೇಳಿದೆ."

"ಹಾಗೆ ಹೇಳಬೇಕು ಅಂತ ನಮಗೆ ಅಪ್ಪಣೆಯಾಗಿತ್ತು. ಇಷ್ಟು ವರ್ಷ ಹೇಳೀ ಹೇಳೀ ನಾಲಿಗೆಗೆ ರೂಢಿಯಾಗಿದೆ." ಅವರು ಮತ್ತೆ ಕುರ್ಚಿಯಲ್ಲಿ ಕುಸಿದರು. "ಬಾಗಿಲಿಗೆ ಅಗುಳಿ ಕೂಡ ಹಾಕಿರಲಿಲ್ಲ ತಾಯಿ. ಒಳಗೆ ನಾವೆಲ್ಲ ಆಯುಧ ಕೆಳಗಿಟ್ಟು, ಕೈ ಮೇಲೆತ್ತಿ ನಿಂತಿದ್ವಿ. ನೀವು ತಳ್ಳೋದೇ ತಡ. ಅಷ್ಟರಲ್ಲಿ ಹೊರಗೆ ಒಂದು ಕೂಸು ಅಳ್ತು. ಆಮೇಲೆ ಸದ್ದೇ ಇಲ್ಲ. ಕೈ ಇಳಿಸೋದೋ ಬೇಡವೋ ಗೊತ್ತಾಗದೆ ಎಷ್ಟೋ ಹೊತ್ತು ಹಂಗೇ ನಿಂತಿದ್ವಿ. ನಿಜ ಹೇಳಬೇಕಂದ್ರೆ ಆವತ್ತು ಸೋತಿದ್ದು ನಾವು."

"ಸೋತಿದ್ದು ನಾವು" ಎಂದಿತು ಗೋಡೆ. "ದಾಖಲಾಯಿತು."

ಕವಚ ಕಡಲೆಕಾಯಿ ಸಿಪ್ಪೆಯಂತೆ ಎರಡಾಗಿ ಬಿಚ್ಚಿಕೊಂಡಿತು. ಮಾಸಿದ ನಿಲುವಂಗಿಯ ಸಣ್ಣ ಮುದುಕಿಯೊಬ್ಬಳು ಪೊರಕೆ ಹಿಡಿದು ಹೊರಗೆ ಬಂದಳು. ದೀಪಗಳು ಒಮ್ಮೆ ಮಿಟುಕಿದವು.

"ಸರ್ಕಾರ ಸೋತಿದೆ" ಎಂದಿತು ಗೋಡೆ. "ಇನ್ನು ಮುಂದಿನ ಅಪ್ಪಣೆ ಗೆದ್ದವರದು."

ಬಾಗಿಲಲ್ಲಿದ್ದ ಹೆಂಗಸರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೋಲಿನವಳು ಅಳತೊಡಗಿದಳು, ಕಿವಿ ಕೇಳದವಳು ಏನಾಯಿತೆಂದು ಎಲ್ಲರನ್ನೂ ಕೇಳತೊಡಗಿದಳು. ಮರಿಯೊಬ್ಬನಿಗೆ ಮಾತ್ರ ಬೇರೆ ಚಿಂತೆ.

"ಸಾರ್, ಆ ಕಾಯಂ ಅನ್ನೋ ಮಾತು."

"ಓ, ಮರೆತೇಬಿಟ್ಟಿದ್ದೆ. ಕಾಯಂ."

ಗೋಡೆ ಸುಮ್ಮನಿತ್ತು. ಅಧಿಕಾರಿ ಗುಂಡಿಯನ್ನು ಉಜ್ಜಿ ಇನ್ನೊಮ್ಮೆ "ಕಾಯಂ" ಎಂದರು. ಗುಂಡಿ ಆರಿಹೋಗಿತ್ತು.

"ನನ್ನ ಮಾತಿನ್ನು ನಡೆಯಲ್ಲಪ್ಪ. ನಿಮ್ಮಮ್ಮನ್ನ ಕೇಳು."

ಇದಕ್ಕಿಂತ ಒಳ್ಳೆಯದೇನಿದೆ. ಮರಿ ನಗುತ್ತ ತಿರುಗಿದ. ಅಮ್ಮನೂ ನಗುತ್ತ ಬಾಯಿ ತೆರೆದಳು. ದರ್ಜಿ ಮಾವ ಕೆಮ್ಮಿದರು.

"ಅಕ್ಕ, ತಪ್ಪು ತಿಳೀಬೇಡಿ. ಬಂಡಾಯದ ದಿನ ನಾವು ಬರೆದ ಬೇಡಿಕೆಗಳಲ್ಲಿ ಮೊದಲನೇದು ಯಾವುದು?"

ಅಮ್ಮನ ನಗು ನಿಂತಿತು. "ಆಳೋರ ಮಕ್ಕಳಿಗೆ ಸರ್ಕಾರಿ ನೌಕರಿ ಇಲ್ಲ" ಎಂದಳು ತಡೆದು ತಡೆದು. "ಅದನ್ನ ಸೇರಿಸಿದ್ದು ನೀನಲ್ವೇನಯ್ಯ?"

"ನೀವು ಮಗೂನ ಬೆನ್ನಿಗೆ ಕಟ್ಟಿಕೊಂಡು ಸಭೆಗೆ ಬಂದಿದ್ರಿ. ನನಗೆ ಸ್ವಲ್ಪ ಅನುಮಾನ ಬಂತು."

"ಹಂಗಾಮಿಯಾಗಾದ್ರೂ ಇರ್ತೀನಿ ಮಾವ" ಎಂದ ಮರಿ.

"ಹಂಗಾಮೀನೂ ನೌಕರೀನೇ ಕಣಪ್ಪ."

ಅಮ್ಮ ಮಗನ ಮುಖವನ್ನೇ ಬಹಳ ಹೊತ್ತು ನೋಡಿದಳು. ಬಯಲಾದ ಮುಂದಲೆಯ ಮೇಲೆ ಕೈಯಾಡಿಸಿದಳು. "ಇವನಿಗೋಸ್ಕರ ಒಂದು ಸಲ ನಿಮ್ಮನ್ನೆಲ್ಲ ಸೋಲಿಸಿದೀನಿ" ಎಂದಳು. "ಇನ್ನೊಂದು ಸಲ ಆಗಲ್ಲ ಮಗಾ."

ಆಮೇಲೆ ಅವಳು, ಚಿಕ್ಕಮ್ಮ, ದರ್ಜಿ ಮಾವ, ದಾರಿ ತೋರಿಸಲು ಅಧಿಕಾರಿ, ಎಲ್ಲರೂ ದೊಡ್ಡ ಬಾಗಿಲಿಗೆ ಹೋಗಲು ಲಿಫ್ಟು ಹತ್ತಿದರು. ಮರಿ ಓಣಿಯಲ್ಲಿ ನಿಂತು ನೋಡಿದ. ಲಿಫ್ಟು ಮೇಲೇರಿತು. ಒಳಗಿನ ಗೋಡೆ "ಮುಂದಿನ ಅಪ್ಪಣೆ? ಮುಂದಿನ ಅಪ್ಪಣೆ?" ಎಂದು ಕೇಳುತ್ತಲೇ ಇದ್ದದ್ದು ಅವನಿಗೆ ಕೇಳಿಸಿತು. ಅದರ ಹಿಂದೆಯೇ ಅಮ್ಮನ ದನಿ.

"ಮೊದಲು ನೀನು ಸುಮ್ಮನಿರು."

"ದಾಖಲಾಯಿತು" ಎಂದ ಯಜಮಾನ, ಸುಮ್ಮನಾದ. ಮನೆಯ ಗಾಳಿಕಿಂಡಿ ನಿಂತಿತು. ಓಣಿಯ ದೀಪ ನಿಂತಿತು. ಎರಡು ಅಂತಸ್ತುಗಳ ನಡುವೆ ಲಿಫ್ಟೂ ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಬಾವಿಯೊಳಗಿಂದ ಹೊಸ ಸರ್ಕಾರ ಕೂಗಿತು. "ಮರೀ, ಲಿಫ್ಟು ಕೆಟ್ಟುಹೋಯ್ತು ಕಣೋ. ಬಂದು ತೆಗೆಯೋ."

ಮರಿ ಬಾವಿಯ ಬಾಯಿಗೆ ಬಂದು ಬಗ್ಗಿ ಮೇಲೆ ನೋಡಿದ. "ನನಗೆ ನೌಕರಿ ಇಲ್ಲವಲ್ಲಮ್ಮ. ಮೊದಲನೇ ಬೇಡಿಕೆ."

ಒಳಗೆ ಗುಸುಗುಸು ನಡೆಯಿತು. ದರ್ಜಿ ಮಾವ ಏನೋ ಅಂದರು, ಚಿಕ್ಕಮ್ಮ ಏನೋ ಅಂದರು, ಅಧಿಕಾರಿ ಹೌದು ಹೌದು ಅಂದರು. ಕೊನೆಗೆ ಅಮ್ಮನ ದನಿ ಬಂತು.

"ಎಲ್ಲರನ್ನೂ ಕೇಳಿದೆ ಕಣಪ್ಪ. ತಾಯಿ ಸಿಕ್ಕಿಹಾಕಿಕೊಂಡಾಗ ಮಗ ಬಂದು ಬಿಡಿಸೋದು ನೌಕರಿ ಆಗಲ್ಲವಂತೆ. ಮನೆಕೆಲಸವಂತೆ. ಸಂಬಳ ಇಲ್ಲ, ಬೇಗ ಬಾ."