ರೆಕ್ಕೆ ಇತ್ತೆ, ಇಲ್ಲವೆ?

ಇನ್ನು ಹದಿನೈದೇ ದಿನ, ಅಷ್ಟರಲ್ಲಿ ಆಕಾಶವನ್ನು ಗುಡಿಸಿ ಸಾರಿಸಿ ಚೊಕ್ಕಟ ಮಾಡಿಬಿಡುತ್ತೇನೆ ಎಂದು ರೆಕಾರ್ಡು ಗುಮಾಸ್ತರು ಕಾಫಿ ಲೋಟ ಎತ್ತಿ ಹಿಡಿದು ಹೆಂಡತಿಯೆದುರು ಘೋಷಿಸಿದರು. ಸಕ್ಕರೆ ಡಬ್ಬ ಯಾವುದು, ಉಪ್ಪಿನ ಡಬ್ಬ ಯಾವುದು ಎಂದು ಇಪ್ಪತ್ತೆಂಟು ವರ್ಷದಲ್ಲಿ ಗುರುತು ಹಿಡಿಯಲಾರದ ಮಹಾನುಭಾವರು ಅವರು. ಹೆಂಡತಿ, ಕಾಫಿಗೆ ಯಾವುದನ್ನು ಹಾಕಿಕೊಂಡಿದ್ದಾರೋ ಎಂದು ಲೋಟದೊಳಗೆ ಇಣುಕಿ ನೋಡಿದಳು.

ಗುಮಾಸ್ತರ ಕೆಲಸವೇ ಅಂಥದು. ಆಕಾಶದಲ್ಲಿ ಏನಾದರೂ ಹಾರಿ, ಅದು ಏನೆಂದು ತಿಳಿಯದೆ ಹೋದರೆ, ಕಂಡವರು ಸರ್ಕಾರಕ್ಕೆ ಬರೆಯುತ್ತಾರೆ. ಆ ಪತ್ರಗಳೆಲ್ಲ ನಾಲ್ಕನೆಯ ಮಹಡಿಯ ‘ಗುರುತು ಸಿಗದ ಹಾರುವ ವಸ್ತುಗಳ ತನಿಖಾ ಶಾಖೆ’ಗೆ ಬಂದು ಬೀಳುತ್ತವೆ. ಶಾಖೆ ಎಂದರೆ ಒಂದು ಮೇಜು, ಮೂರು ಕಪಾಟು, ಒಬ್ಬ ಗುಮಾಸ್ತರು. ಲಿಫ್ಟು ಕೆಟ್ಟು ಎಷ್ಟು ಕಾಲವಾಗಿತ್ತೆಂದರೆ ಅದರೊಳಗೂ ಹಳೆ ಫೈಲು ಪೇರಿಸಿಟ್ಟಿದ್ದರು. ಎಂಬತ್ತೆಂಟು ಮೆಟ್ಟಿಲು! ಹತ್ತುವಾಗ ಎಡ ಮಂಡಿ ನೋಯುತ್ತಿತ್ತು, ಇಳಿಯುವಾಗ ಬಲ ಮಂಡಿ. ಆಕಾಶದ ವಿಚಾರ ನೋಡಿಕೊಳ್ಳುವವನು ಆಕಾಶದ ಹತ್ತಿರವೇ ಇರಬೇಕೆಂದು ಕಟ್ಟಡ ಕಟ್ಟಿದವನಿಗೆ ಯಾರು ಹೇಳಿದ್ದರೋ.

ಈಗ ಸರ್ಕಾರ ಆ ಫೈಲುಗಳನ್ನೆಲ್ಲ ಸಾರ್ವಜನಿಕರ ಓದಿಗೆ ತೆರೆದಿಡುವುದೆಂದು ತೀರ್ಮಾನಿಸಿತ್ತು. ತೆರೆಯುವ ದಿನ ಒಂದು ಫೈಲಿನ ಮೇಲೂ ‘ಗುರುತು ಸಿಕ್ಕಿಲ್ಲ’ ಎಂಬ ಷರಾ ಇರದಿದ್ದರೆ ಗುಮಾಸ್ತರನ್ನು ನೆಲಮಹಡಿಯ ಟಪಾಲು ಶಾಖೆಗೆ ಇಳಿಸುವುದಾಗಿ ಸಾಹೇಬರು ಮಾತು ಕೊಟ್ಟಿದ್ದರು. ನೆಲಮಹಡಿ! ಗುಮಾಸ್ತರಿಗೆ ಕನಸಿನಲ್ಲೂ ನೆಲವೇ ಕಾಣತೊಡಗಿತು.

ಅಲ್ಲಿಂದ ಶುರುವಾಯಿತು ಅವರ ದಿಗ್ವಿಜಯ. ಒಂದೊಂದು ತನಿಖಾ ನಮೂನೆಯಲ್ಲಿ ಹದಿನೇಳು ಪ್ರಶ್ನೆ: ಆಕಾರವೇನು, ಬಣ್ಣವೇನು, ಸದ್ದು ಮಾಡಿತೆ, ರೆಕ್ಕೆ ಇತ್ತೆ ಇಲ್ಲವೆ. ಅವಕ್ಕೆಲ್ಲ ಉತ್ತರ ತುಂಬುತ್ತ ಕುಳಿತರೆ ಜನ್ಮ ಸಾಲದು. ಮಿನುಗಿದ್ದೆಲ್ಲ ‘ಬಹುಶಃ ಶುಕ್ರಗ್ರಹ’ ಆಯಿತು, ತೇಲಿದ್ದೆಲ್ಲ ‘ಬಹುಶಃ ಬೆಲೂನು’, ಉಳಿದದ್ದೆಲ್ಲ ‘ಬಹುಶಃ ಗಾಳಿಪಟ’. ಹದಿಮೂರನೆಯ ದಿನಕ್ಕೆ ಇನ್ನೂರ ಹನ್ನೊಂದು ಫೈಲು ಮುಗಿದವು. ಉಳಿದದ್ದು ಒಂದೇ, ಅವರದೇ ರಾಶಿಯ ತಳದಲ್ಲಿ ಒಂದು ವರ್ಷದಿಂದ ಮಲಗಿದ್ದ ಇನ್ನೂರ ಹನ್ನೆರಡನೆಯದು. ಅದು ಯಾವ ಬಹುಶಃಗೂ ಬಗ್ಗಲಿಲ್ಲ. ಭಾನುವಾರ ಅದನ್ನು ಮನೆಗೆ ತಂದು, ತರಕಾರಿ ಹೆಚ್ಚುತ್ತಿದ್ದ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದರು.

‘ಮಧ್ಯಾಹ್ನ ಎರಡೂವರೆ. ಬೆಳ್ಳಿ ಬಣ್ಣ. ಉದ್ದ ಎಪ್ಪತ್ತೆರಡೂವರೆ ಇಂಚು, ಅಗಲ ನಲವತ್ತೆಂಟು. ಅಂಚಿಗೆ ಎರಡು ಸಾಲು ಹೊಲಿಗೆ. ನಾಲ್ಕು ಮೂಲೆಗೂ ಕೆಂಪು ಬಾಲ. ಪಕ್ಕದ ತಾರಸಿಯಿಂದ ಎದ್ದು, ಎರಡು ಸುತ್ತು ಹಾಕಿ, ಪೂರ್ವಕ್ಕೆ ಹೋಯಿತು. ನಾನು ಕಣ್ಣಾರೆ ಕಂಡದ್ದನ್ನು ಒಬ್ಬರೂ ನಂಬುತ್ತಿಲ್ಲ. ಸರ್ಕಾರವಾದರೂ ನಂಬಬೇಕೆಂದು ಬೇಡಿಕೆ.’

“ಆಕಾಶದಲ್ಲಿ ಹಾರೋದನ್ನ ಇಂಚು ಟೇಪು ಹಿಡಿದು ಅಳೆದಿದ್ದಾನಲ್ಲ, ಎಂಥಾ ಹುಚ್ಚ ಇರಬೇಕು ಇವನು” ಎಂದು ಗುಮಾಸ್ತರು ನಕ್ಕರು.

ಹೆಂಡತಿಯ ಚಾಕು ನಿಂತಿತು. ಬರೆದವರ ಹೆಸರೇನೆಂದು ಕೇಳಿದಳು. ಕಂಡವರ ಹೆಸರನ್ನು ಮಸಿ ಬಳಿದು ಮುಚ್ಚಬೇಕೆಂಬುದು ಶಾಖೆಯ ನಿಯಮ. ಪತ್ರ ಬಂದ ದಿನವೇ, ಒಂದಕ್ಷರ ಓದದೆ, ಗುಮಾಸ್ತರೇ ಸ್ವಹಸ್ತದಿಂದ ಬಳಿದಿದ್ದರು.

“ರೀ, ಹೋದ ವರ್ಷ ನಮ್ಮ ನೀರಿನ ಟ್ಯಾಂಕಿನ ಹೊದಿಕೆಗೆ ಏನು ಕಟ್ಟಿದ್ರಿ?”

“ಹಗ್ಗ.”

“ನಿಜ ಹೇಳಿ.”

ಗುಮಾಸ್ತರು ಫೈಲು ಮಡಚಿ ಕೆಳಗಿಟ್ಟರು. ಹಗ್ಗಕ್ಕಾಗಿ ಅಂಗಡಿಗೆ ಹೋಗಲು ಸೋಮಾರಿತನವಾಗಿ, ತಮ್ಮ ಹಳೆಯ ಪೈಜಾಮದ ಕೆಂಪು ಲಾಡಿಯನ್ನು ನಾಲ್ಕು ತುಂಡು ಮಾಡಿ ಮೂಲೆಗೊಂದರಂತೆ ಕಟ್ಟಿದ್ದರು. ಆ ಬೆಳ್ಳಿ ಬಣ್ಣದ ಹೊದಿಕೆಯನ್ನು ಪ್ರೀತಿಯಿಂದ ಹೊಲಿದುಕೊಟ್ಟವರು ಪಕ್ಕದ ಮನೆಯ ಟೈಲರು. ಮೂರೇ ದಿನಕ್ಕೆ ಅದು ಮಾಯವಾಯಿತು. ಗಾಳಿಗೆ ಹಾರಿಹೋಯಿತು, ನಾನೇ ನೋಡಿದೆ ಎಂದು ಟೈಲರು ಓಡಿ ಬಂದು ಹೇಳಿದಾಗ, ಗುಮಾಸ್ತರು ಬೀದಿಯವರೆಲ್ಲ ಕೇಳುವಂತೆ, “ಹಾರೋಕೆ ಅದಕ್ಕೇನು ರೆಕ್ಕೆ ಇತ್ತಾ? ಬೇರೆ ಗಿರಾಕಿ ಸಿಕ್ಕಿರಬೇಕು ನಿಮಗೆ” ಅಂದಿದ್ದರು. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಸಂಜೆ ಕಾಂಪೌಂಡು ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ಹರಟುತ್ತಿದ್ದದ್ದು ನಿಂತುಹೋಗಿ, ಗುಮಾಸ್ತರು ಒಬ್ಬರೇ ಆ ಗೋಡೆಯ ಜೊತೆ ಕಾಫಿ ಕುಡಿಯುತ್ತಿದ್ದರು. ಮಂಡಿನೋವಿನ ಕಥೆಯನ್ನು ಅಷ್ಟು ಸಹನೆಯಿಂದ ಕೇಳುವವರು ಇನ್ನೊಬ್ಬರು ಸಿಕ್ಕಿರಲಿಲ್ಲ. ಆ ಕೊರಗು ಅವರಿಗಿತ್ತು, ಹೇಳಿಕೊಳ್ಳುವ ಬಾಯಿ ಇರಲಿಲ್ಲ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ. ಕಳೆದ ಹೊದಿಕೆ ಒಂದು ವರ್ಷದಿಂದ ಅವರ ಮೇಜಿನ ಮೇಲೆಯೇ ಹಾರಾಡುತ್ತಿತ್ತು!

ಇದನ್ನೂ ‘ಬಹುಶಃ ಹದ್ದು’ ಎಂದು ಬರೆದು ಕೈ ತೊಳೆದುಕೊಂಡರೆ ಹೇಗೆ ಎಂದು ಗುಮಾಸ್ತರು ಮೆಲ್ಲನೆ ಕೇಳಿದರು. ನಿಜ ಬರೆದರೆ ಊರೆಲ್ಲ ಓದುತ್ತದೆ. ‘ಗುರುತು ಸಿಕ್ಕಿಲ್ಲ’ ಎಂದು ಬಿಟ್ಟರೆ ಎಂಬತ್ತೆಂಟು ಮೆಟ್ಟಿಲು.

“ಎರಡು ಸಾಲು ಹೊಲಿಗೆ ಹಾಕಿರೋ ಹದ್ದನ್ನ ನಾನಂತೂ ಕಂಡಿಲ್ಲ” ಅಂದಳು ಹೆಂಡತಿ. “ಆ ಮನುಷ್ಯ ನಿಮಗೆ ಹೇಳಿ ಸಾಕಾಗಿ ಸರ್ಕಾರಕ್ಕೆ ಬರೆದಿದ್ದಾರೆ. ಸರ್ಕಾರ ಅಂದ್ರೂ ನೀವೇ ಆಗಬೇಕಾ ಅವರ ಹಣೆಬರಹಕ್ಕೆ?”

ಗುಮಾಸ್ತರು ತನಿಖಾ ನಮೂನೆ ತುಂಬಿ ಷರಾ ಬರೆದರು: ‘ವಸ್ತು: ನೀರಿನ ಟ್ಯಾಂಕಿನ ಹೊದಿಕೆ. ಬಾಲ: ಪೈಜಾಮದ ಲಾಡಿ. ಒಡೆಯರು: ಈ ಶಾಖೆಯ ಗುಮಾಸ್ತರು. ಗುರುತು ಸಿಕ್ಕಿದೆ.’

ಮರುದಿನ ಸಾಹೇಬರು ಅದನ್ನು ಎರಡು ಸಲ ಓದಿದರು. ಗುಮಾಸ್ತರು ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಿದ್ದರು. ಸಾಹೇಬರು ಎದ್ದು ಬಂದು ಕೈ ಕುಲುಕಿಬಿಟ್ಟರು! ಇಷ್ಟು ವರ್ಷದಲ್ಲಿ ಅಳತೆ, ಬಾಲ, ಒಡೆಯ ಎಲ್ಲ ಸಿಕ್ಕ ಫೈಲು ಇದೊಂದೇ ಅಂತೆ.

“ತನಿಖೆ ಅಂದ್ರೆ ಇದು ಕಣ್ರೀ. ಉಳಿದ ಇನ್ನೂರ ಹನ್ನೊಂದನ್ನೂ ಹೀಗೇ ಮಾಡಿ. ಬಹುಶಃ ಗಾಳಿಪಟ ಅಂದ್ರೆ ಏನರ್ಥ? ಯಾರ ಗಾಳಿಪಟ? ಯಾರ ಬೆಲೂನು? ಹೆಸರು ಬೇಕು ನನಗೆ. ನಿಮ್ಮಂಥವರನ್ನ ಟಪಾಲಿಗೆ ಕಳಿಸೋದುಂಟಾ?”

ಶುಕ್ರಗ್ರಹದ ಒಡೆಯರು ಯಾರೆಂದು ಗುಮಾಸ್ತರಿಗೆ ಕೇಳಬೇಕೆನಿಸಿತು. ಕಂಬಿ ಹಿಡಿದು ಮತ್ತೆ ಮೇಲಕ್ಕೆ ಹತ್ತಿದರು.

ಫೈಲು ತೆರೆದ ದಿನ ಊರಿಗೆ ಊರೇ ನುಗ್ಗುತ್ತದೆ ಎಂದುಕೊಂಡಿದ್ದರು. ಮಧ್ಯಾಹ್ನದವರೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಆಮೇಲೆ ಬಂದವರು ಒಬ್ಬರೇ, ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ನಿಂತರು. ಪಕ್ಕದ ಮನೆಯ ಟೈಲರು. ಕೊರಳಲ್ಲಿ ಇಂಚು ಟೇಪು ಹಾಗೇ ಇತ್ತು.

“ಎಷ್ಟು ಮೆಟ್ಟಿಲು ಇವು?” ಒಂದು ವರ್ಷದ ಮೇಲೆ ಆಡಿದ ಮೊದಲ ಮಾತು.

“ಎಂಬತ್ತೆಂಟು” ಅಂದರು ಗುಮಾಸ್ತರು.

“ನೀವು ಮಂಡಿ ನೋವು ಅಂದಾಗ ನಾನು ಅಷ್ಟಾಗಿ ನಂಬಿರಲಿಲ್ಲ” ಎಂದು ಟೈಲರು ಕುರ್ಚಿ ಎಳೆದುಕೊಂಡು ಕುಳಿತರು.

ತಾವು ಬರೆದ ಪತ್ರದ ಫೈಲು ಕೇಳಿದರು. ಹೊಲಿಗೆ ಪರೀಕ್ಷಿಸುವವರಂತೆ ಸಾಲಿನ ಮೇಲೆ ಬೆರಳಾಡಿಸುತ್ತ ಓದಿದರು. ಷರಾ ಬಂದಲ್ಲಿ ಬೆರಳು ಬಹಳ ಹೊತ್ತು ನಿಂತಿತು. ಗುಮಾಸ್ತರು ತಲೆ ತಗ್ಗಿಸಿ, ತಪ್ಪಾಯಿತು ಅಂದರು. ಅದು ಮೇಜಿಗೆ ಕೇಳಿಸುವಷ್ಟೇ ಗಟ್ಟಿಯಾಗಿತ್ತು.

“ಮೊಹರು ಹಾಕಿ ನನಗೊಂದು ನಕಲು ಕೊಡಿ” ಅಂದರು ಟೈಲರು. “ಆದ್ರೆ ಒಂದು ಪ್ರಶ್ನೆ ಖಾಲಿ ಬಿಟ್ಟಿದ್ದೀರಿ.”

ಬೆರಳು ತೋರಿಸಿದ ಕಡೆ ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. ರೆಕ್ಕೆ ಇತ್ತೆ, ಇಲ್ಲವೆ?

ಗುಮಾಸ್ತರು ‘ಇತ್ತು’ ಎಂದು ಬರೆದು, ಕೆಳಗೆ ಸಹಿ ಮಾಡಿ, ಮೊಹರು ಒತ್ತಿದರು. ಟೈಲರು ನಕಲನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಎದ್ದರು.

“ಸಂಜೆ ಟ್ಯಾಂಕಿನ ಅಳತೆ ತಗೊಳ್ಳೋಕೆ ಬರ್ತೀನಿ. ಕಟ್ಟೋಕೆ ಹಗ್ಗ ನಾನೇ ತರ್ತೀನಿ ಸಾರ್. ನಿಮ್ಮ ಲಾಡಿ ಈ ಸಲ ಪೈಜಾಮದಲ್ಲೇ ಇರಲಿ.”