ಬೀಟಿಗೆಂದು ಬಂದ ಸುಣ್ಣ

ಒಂಟಿ ಮನುಷ್ಯನಿಗೆ ಊಟದ ಚಿಂತೆಗಿಂತ ಬಾಗಿಲು ಬಡಿಯುವವರಿಲ್ಲ ಎಂಬ ಚಿಂತೆ ದೊಡ್ಡದು. ಊಟ ಹೇಗೋ ಆಗುತ್ತದೆ. ಒಂದು ಸ್ಟೋವು, ಎರಡು ಉಳ್ಳಾಗಡ್ಡಿ ಇದ್ದರೆ ಸಾಕು. ತನ್ನ ಬಾಗಿಲನ್ನು ತಾನೇ ಬಡಿದುಕೊಂಡು ‘ಯಾರ್ರಿ?’ ಎನ್ನಲಾಗುವುದಿಲ್ಲ. ಎಂಬತ್ತರ ದಶಕದಲ್ಲಿ ನಾನು ಕೃಷಿ ಸಹಾಯಕನಾಗಿ ಆಳಂದದ ಕಡೆಯ ಸರಸಂಬಾದಲ್ಲಿದ್ದೆ. ಊರವರು ನನ್ನನ್ನು ‘ಸಾಹೇಬ್ರ’ ಎನ್ನುತ್ತಿದ್ದರು. ಕೇಳಲಿಕ್ಕೆ ಚಂದವೇ. ಆದರೆ ಸಾಹೇಬನ ಕೋಣೆಗೆ ಕೆಲಸವಿಲ್ಲದೆ ಯಾರೂ ಬರುವುದಿಲ್ಲ. ನನ್ನಿಂದ ಆಗುವಂಥ ಕೆಲಸ ಯಾರಿಗೂ ಇರಲಿಲ್ಲ.

ಹೀಗಿರುವಾಗ ಮೇಲಿನವರಿಗೆ ಸಕ್ಕರೆ ಬೀಟ್ ಬೆಳೆಸುವ ಹುಕಿ ಬಂತು. ಆ ಗಡ್ಡೆಗೆ ಹುಳಿಮಣ್ಣು ಆಗಿಬರುವುದಿಲ್ಲ, ಸಕ್ಕರೆ ಕಾರ್ಖಾನೆಯಲ್ಲಿ ರಸ ಶುದ್ಧ ಮಾಡಿ ಉಳಿದ ಸುಣ್ಣದ ರಾಡಿ ಹಾಕಿದರೆ ಹುಳಿ ಮುರಿಯುತ್ತದೆ ಎಂದು ಎಲ್ಲಿಯೋ ಓದಿದ ಅಧಿಕಾರಿಯೊಬ್ಬರು ಎಲ್ಲ ತಾಲೂಕಿಗೂ ಒಂದೇ ಹುಕುಂ ಹೊರಡಿಸಿದರು. ದಸರೆ ಹತ್ತಿರ ಬಂದಾಗ ಲಾರಿಯೊಂದು ನನ್ನ ಕೋಣೆಯ ಮುಂದೆ ಸುಣ್ಣದ ಗುಡ್ಡೆ ಸುರಿದು ಹೋಯಿತು.

ಪ್ರಯೋಗಕ್ಕೆ ಅರ್ಧ ಎಕರೆ ಕೊಟ್ಟಿದ್ದ, ಊರಿಗೆಲ್ಲ ಅಜ್ಜನಾದ ಶರಣಪ್ಪ ಮುತ್ಯಾ ನನ್ನನ್ನು ಹೊಲಕ್ಕೆ ಕರೆದೊಯ್ದು ಮೊಳದಾಳ ಅಗೆದು ತೋರಿಸಿದ. ಕರಿಮಣ್ಣಿನ ತುಂಬ ಬಿಳಿ ಸುಣ್ಣದ ಹರಳು.

“ನಮ್ಮ ಮುತ್ಯಾನ ಕಾಲದಿಂದ ಇಲ್ಲಿ ಸುಣ್ಣ ಅದ ಸಾಹೇಬ್ರ. ಹುಳಿ ಎಲ್ಲಿ ಅದ ತೋರಿಸ್ರಿ. ತರೂದಿದ್ರ ಎಲಿ-ಅಡಕಿ ತರ್ರಿ, ಊರ ಮಂದೆಲ್ಲ ಕೂತು ತಿಂತೀವಿ.”

ಬೀಟನ್ನು ಸುಣ್ಣವಿಲ್ಲದೆಯೇ ಬಿತ್ತಿದೆವು. ಗುಡ್ಡೆ ನನ್ನ ಬಾಗಿಲಲ್ಲೇ ಉಳಿಯಿತು.

ಮೂರನೆಯ ದಿನ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಓಣಿಯ ಸಂಗಮ್ಮ, ಕೈಯಲ್ಲಿ ಬುಟ್ಟಿ. “ಒಂದ್ ಬುಟ್ಟಿ ಸುಣ್ಣ ಒಯ್ಲೇನ್ರಿ? ದಸರಾಕ್ಕ ಗ್ವಾಡಿಗಿ ಹಚ್ಚಬೇಕು.” ಎರಡು ಒಯ್ಯಿರಿ ಎಂದೆ. ತುಂಬಿಕೊಳ್ಳುತ್ತ ನನ್ನ ಊರು, ತಾಯಿ, ಇನ್ನೂ ಆಗದ ಮದುವೆ ಎಲ್ಲವನ್ನೂ ವಿಚಾರಿಸಿದಳು. ಆಮೇಲೆ ಅರ್ಧ ಊರೇ ಬಂತು. ಕೈಗೆ ಸಿಗುವಂತಿದ್ದ ಸಲಿಕೆಯನ್ನು ನಾನು ಪ್ರತಿಸಲವೂ ಬಹಳ ಹೊತ್ತು ಹುಡುಕುತ್ತಿದ್ದೆ.

ಆದರೆ ಅದು ಸಕ್ಕರೆ ಕಾರ್ಖಾನೆಯ ಸುಣ್ಣ. ಗೋಡೆ ಒಣಗುವ ಮೊದಲೇ ಇರುವೆಗಳಿಗೆ ಸುದ್ದಿ ಮುಟ್ಟಿತ್ತು.

“ಎಂಥಾ ಸುಣ್ಣ ಕೊಟ್ರಿ ಸಾಹೇಬ್ರ? ದೇವರ ಫೋಟೋದ ಹಿಂದನೂ ಇರುವಿ, ನಮ್ಮತ್ತಿ ಹಾಸಿಗ್ಯಾಗೂ ಇರುವಿ. ಆಕಿ ನನ್ನ ಬೈಯಾಕತ್ತಾಳ, ನಾ ನಿಮಗ ಬೈಯಾಕ ಬಂದೇನಿ,” ಎಂದಳು ಸಂಗಮ್ಮ. ಅವಳ ಹಿಂದೆ ಇನ್ನೂ ನಾಲ್ವರು. ಎಲ್ಲರಿಗೂ ಚಹಾ ಕಾಸಿದೆ. ಅಷ್ಟು ಜನ ಒಟ್ಟಿಗೆ ನನ್ನ ಕೋಣೆಗೆ ಬಂದದ್ದು ಅದೇ ಮೊದಲು. ಬೈಗುಳ ಬೇಗ ಮುಗಿದೀತೆಂದು ನನಗೆ ಹೆದರಿಕೆ.

ಕೊನೆಗೆ ಬೈಗುಳವೂ ಮುಗಿಯಿತು, ಗುಡ್ಡೆಯೂ ಮುಗಿಯಿತು. ಬಾಗಿಲು ಮತ್ತೆ ಸುಮ್ಮನಾಯಿತು. ಅಷ್ಟರಲ್ಲಿ ಕಚೇರಿಯ ಕಾಗದ: ಇನ್ನೊಂದು ಲಾರಿ ಸುಣ್ಣ ಬೇಕೆ? ನಾನು ‘ತುರ್ತಾಗಿ ಬೇಕು’ ಎಂದು ಬರೆಯುತ್ತಿದ್ದಾಗ ಬೀಟಿಗೆ ನೀರು ಬಿಡುವುದು ಯಾವಾಗೆಂದು ಕೇಳಲು ಮುತ್ಯಾ ಬಂದ. ಬರೆದದ್ದನ್ನು ಓದಿಸಿ ಕೇಳಿದ.

“ಸುಳ್ಳ ಯಾಕ ಬರೀತೀರಿ? ಮಾತಿಗಿ ಮಂದಿ ಬೇಕಂದ್ರ ಮಂದಿ ಮನಿಗಿ ನೀವ ಹೋಗ್ರಿ. ಬ್ಯಾಡ ಅಂದವರ್ಯಾರು?”

ಎರಡು ವರ್ಷದಲ್ಲಿ ಇದು ನನಗೆ ಹೊಳೆದಿರಲಿಲ್ಲ. ‘ಬೇಕಾಗಿಲ್ಲ’ ಎಂದು ತಿದ್ದಿ ಕಳಿಸಿದೆ. ಮರುದಿನ ಇಸ್ತ್ರಿ ಅಂಗಿ ತೊಟ್ಟು ಸಂಗಮ್ಮನ ಮನೆಗೆ ಹೋದೆ. ಅತ್ತೆ, ಸೊಸೆ, ಮಗ ಮೂವರೂ ಎದ್ದು ನಿಂತರು.

“ಬರ್ರಿ ಸಾಹೇಬ್ರ. ಏನ್ ಕೆಲಸಿತ್ರಿ?”

ಸುಮ್ಮನೆ ಬಂದೆ ಎನ್ನಬೇಕು. ಬಾಯಿ ಬರಲಿಲ್ಲ. “ನಿಮ್ಮ ಹೊಲದ ಮಣ್ಣು ಬೇಕಾಗಿತ್ತು, ಪರೀಕ್ಷೆಗೆ,” ಎಂದುಬಿಟ್ಟೆ. ಮಗ ಪಾಪ, ಬಿಸಿಲಲ್ಲಿ ಹೊಲಕ್ಕೆ ಹೋಗಿ ಮಣ್ಣು ತರುವವರೆಗೆ ನಾನು ಚಹಾ ಕುಡಿಯುತ್ತ ಆ ಮುದುಕಿಯ ಮೊಣಕಾಲು ನೋವಿನ ಕಥೆ ಕೇಳಿದೆ. ಮುಂದಿನ ಮನೆಯಲ್ಲೂ ಅದೇ ಪ್ರಶ್ನೆ, ನನ್ನದೂ ಅದೇ ಉತ್ತರ.

ಆ ವರ್ಷ ತಾಲೂಕಿನಲ್ಲೇ ಅತಿ ಹೆಚ್ಚು ಮಣ್ಣಿನ ಚೀಲ ಕಳಿಸಿದವನು ನಾನೇ. ಮೀಟಿಂಗಿನಲ್ಲಿ ನನ್ನ ಶ್ರದ್ಧೆಯನ್ನು ಹೊಗಳಿದರು. ಫಲಿತಾಂಶ ಬಂತು: ಎಲ್ಲ ಹೊಲಕ್ಕೂ ಒಂದೇ, ಸುಣ್ಣ ಬೇಕಾದಷ್ಟಿದೆ. ಊರವರನ್ನು ಕಟ್ಟೆಯ ಮೇಲೆ ಕೂಡಿಸಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ನಾನು ಕಾಗದ ಹಿಡಿದುಕೊಂಡು ದಿನಕ್ಕೊಂದು ಮನೆಯಂತೆ ಹೋದೆ.